4ಕೆ ಎಡಿಟಿಂಗ್‌ಗೆ ಕಂಪ್ಯೂಟರ್: 90 ಸಾವಿರ ಎಲ್ಲಿ ಹಾಕಬೇಕು?

ಪ್ರಶ್ನೆ: ಸರ್, ನಮ್ಮದು ಶಿರಸಿ ಹತ್ತಿರದ ಹಳ್ಳಿ. ಯಜಮಾನರು ಮದುವೆ, ಉಪನಯನ, ಯಕ್ಷಗಾನ ಶೂಟ್ ಮಾಡುತ್ತಾರೆ. ಎಡಿಟಿಂಗ್ ನನ್ನದು, ಪ್ರೀಮಿಯರ್ ಪ್ರೋದಲ್ಲಿ. ಬಣ್ಣ ತಿದ್ದಲು ಡಾವಿಂಚಿ ರಿಸಾಲ್ವ್ ಕಲಿಯುತ್ತಿದ್ದೇನೆ. 2018ರಲ್ಲಿ ತಗೊಂಡ ಕಂಪ್ಯೂಟರ್ ಇದೆ. ಐ5-8400 ಪ್ರೊಸೆಸರ್, 8 ಜಿಬಿಯ ಎರಡು ರ‍್ಯಾಮ್, ಆಮೇಲೆ ಹಾಕಿಸಿದ ಜಿಟಿಎಕ್ಸ್ 1650 ಕಾರ್ಡ್, 512 ಜಿಬಿ ಎಸ್‌ಎಸ್‌ಡಿ, 2 ಟಿಬಿ ಹಾರ್ಡ್ ಡಿಸ್ಕ್. ಹೋದ ವರ್ಷದವರೆಗೆ ಏನೂ ತೊಂದರೆ ಇರಲಿಲ್ಲ. ಈಗ ಎರಡನೇ ಕ್ಯಾಮೆರಾ ತಗೊಂಡ ಮೇಲೆ ಟೈಮ್‌ಲೈನ್ ಓಡೋದೇ ಇಲ್ಲ. ಹಳೆ ಕ್ಯಾಮೆರಾದ್ದು ಸಲೀಸಾಗಿ ಓಡುತ್ತದೆ. ಹೊಸದರ ಕ್ಲಿಪ್ ಬಂದ ಕೂಡಲೇ ನಿಂತು ನಿಂತು ಹೋಗುತ್ತದೆ. ಎರಡೂ 4ಕೆ. ಹೊಸದರ ಮೆನುವಿನಲ್ಲಿ ಎಚ್.265, 50ಪಿ, 200 ಎಂ, 4:2:2 10 ಬಿಟ್ ಅಂತ ಇದೆ. ಹಳೆಯದರಲ್ಲಿ ಎಚ್.264, 100 ಎಂ.

ಹೊಸ ಕಂಪ್ಯೂಟರ್‌ಗೆ 90 ಸಾವಿರ ತೆಗೆದಿಟ್ಟಿದ್ದೇವೆ. ಅಣ್ಣನ ಮಗ ಗೇಮ್ ಆಡುವವನು. ಅವನು ಕೊಟ್ಟ ಪಟ್ಟಿ: ರೈಜನ್ 5 5600, ಆರ್‌ಟಿಎಕ್ಸ್ 4060, 16 ಜಿಬಿ ರ‍್ಯಾಮ್, 1 ಟಿಬಿ ಎಸ್‌ಎಸ್‌ಡಿ, ಗಾಜಿನ ಕ್ಯಾಬಿನೆಟ್. ಒಂದು ಅಂಗಡಿಯವರು, ‘ಅದೆಲ್ಲ ಗೇಮಿಗೆ. ನಿಮಗೆ ವರ್ಕ್‌ಸ್ಟೇಷನ್ ಬೇಕು’ ಅಂತ 14 ಕೋರಿನ ಝಿಯಾನ್ ಇ5-2680 ವಿ4, 64 ಜಿಬಿ ರ‍್ಯಾಮ್, ಕ್ವಾಡ್ರೊ ಕೆ2200 ಕಾರ್ಡ್ ಹೇಳಿದರು. ಅದು ಅಣ್ಣನ ಮಗನ ಪಟ್ಟಿಗಿಂತ ಅಗ್ಗ! ಇನ್ನೊಬ್ಬರು ಮ್ಯಾಕ್ ಮಿನಿ ತಗೊಳ್ಳಿ ಎನ್ನುತ್ತಾರೆ. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟ್ ಕಥೆ ನಿಮಗೆ ಗೊತ್ತೇ ಇದೆ. ಯಾವುದನ್ನು ತಗೊಳ್ಳೋಣ? ಒಮ್ಮೆ ತಪ್ಪಿದರೆ ಇನ್ನು ನಾಲ್ಕು ವರ್ಷ ಬೇರೆ ತಗೊಳ್ಳುವ ಹಾಗಿಲ್ಲ.

ಉತ್ತರ:

ಅರ್ಧ ಉತ್ತರ ನೀವೇ ಬರೆದಿದ್ದೀರಿ. ಹಳೆ ಕ್ಯಾಮೆರಾದ್ದು ಸಲೀಸು, ಹೊಸದರದ್ದು ನಿಲ್ಲುತ್ತದೆ, ಎರಡೂ 4ಕೆ. ಕಂಪ್ಯೂಟರ್ ಹಳೆಯದಾಗಿ ಸುಸ್ತಾಗಿದ್ದರೆ ಎರಡಕ್ಕೂ ತಡವರಿಸಬೇಕಿತ್ತು, ಅಲ್ವಾ? ಒಂದಕ್ಕೆ ಮಾತ್ರ ನಿಲ್ಲುತ್ತದೆ ಅಂದರೆ ಸಮಸ್ಯೆ ಬೇರೆ. ನಿಮ್ಮ ಯಂತ್ರಕ್ಕೆ ಹೊಸ ಕ್ಯಾಮೆರಾದ ಭಾಷೆ ಬರುವುದಿಲ್ಲ.

ಒಂದು ಪರೀಕ್ಷೆ ಮಾಡಿ, ಐದು ನಿಮಿಷದ್ದು. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಪರ್ಫಾರ್ಮೆನ್ಸ್ ಪುಟದಲ್ಲಿ ಜಿಪಿಯು (ಗ್ರಾಫಿಕ್ಸ್) ಮೇಲೆ ಒತ್ತಿ. ಅಲ್ಲಿ ‘ವಿಡಿಯೋ ಡಿಕೋಡ್’ ಅಂತ, ಅಂದರೆ ವಿಡಿಯೋ ಫೈಲ್ ಬಿಡಿಸುವ ಕೆಲಸದ್ದು, ಒಂದು ಚಿಕ್ಕ ಗ್ರಾಫ್ ಇರುತ್ತದೆ. ಪ್ರೀಮಿಯರ್‌ನಲ್ಲಿ ಹಳೆ ಕ್ಯಾಮೆರಾದ ಕ್ಲಿಪ್ ಓಡಿಸಿ. ಆ ಗ್ರಾಫ್ ಏಳುತ್ತದೆ, ಸಿಪಿಯು (ಪ್ರೊಸೆಸರ್) ಆರಾಮಾಗಿರುತ್ತದೆ. ಈಗ ಹೊಸದರ ಕ್ಲಿಪ್ ಓಡಿಸಿ. ವಿಡಿಯೋ ಡಿಕೋಡ್ ಗ್ರಾಫ್ ನೆಲಕ್ಕೆ ಅಂಟಿಕೊಂಡಿರುತ್ತದೆ, ಸಿಪಿಯು ನೂರಕ್ಕೆ ಹೋಗಿ ಅಲ್ಲೇ ನಿಲ್ಲುತ್ತದೆ. ಹೀಗೇ ಆದರೆ ಮುಂದೆ ಹೇಳುವುದೆಲ್ಲ ನಿಮಗೆ ಅನ್ವಯಿಸುತ್ತದೆ. ನಿಮ್ಮ ಪ್ರೊಸೆಸರ್ ಮತ್ತು ಕಾರ್ಡ್ ನೋಡಿದರೆ ಹೀಗೇ ಆಗಬೇಕು.

ಯಾಕೆ ಹೀಗೆ? ಎಚ್.264, ಎಚ್.265 ಅಂದರೆ ವಿಡಿಯೋವನ್ನು ಕುಗ್ಗಿಸಿ ಬರೆಯುವ ವಿಧಾನಗಳು. ಅಂಥ ಫೈಲುಗಳಲ್ಲಿ ಪ್ರತಿ ಫ್ರೇಮೂ ಪೂರ್ತಿ ಚಿತ್ರವಾಗಿ ಇರುವುದಿಲ್ಲ. ಊರಿನ ಕಿರಾಣಿ ಅಂಗಡಿಯ ಉದ್ರಿ ಪುಸ್ತಕ ನೆನಪು ಮಾಡಿಕೊಳ್ಳಿ. ಪುಟದ ಮೇಲೆ ಒಮ್ಮೆ ಒಟ್ಟು ಬಾಕಿ ಬರೆದಿರುತ್ತಾರೆ. ಆಮೇಲೆ ‘ಇವತ್ತು 40 ಜಾಸ್ತಿ’, ‘ನಾಳೆ 20 ಜಮಾ’ ಅಷ್ಟೇ. ಹನ್ನೊಂದನೇ ಸಾಲಿನ ಬಾಕಿ ಎಷ್ಟು ಅಂದರೆ ಮೇಲಿನಿಂದ ಕೂಡಿಸಿಕೊಂಡು ಬರಬೇಕು. ವಿಡಿಯೋ ಫೈಲೂ ಹಾಗೇ. ಒಂದು ಪೂರ್ತಿ ಚಿತ್ರ, ಆಮೇಲೆ ಬದಲಾದದ್ದು ಮಾತ್ರ. ಸುಮ್ನೆ ಪ್ಲೇ ಮಾಡಿ ನೋಡುವಾಗ ಇದು ಕಷ್ಟವಲ್ಲ. ಎಡಿಟಿಂಗ್‌ನಲ್ಲಿ ನೀವು ಹಿಂದೆ ಮುಂದೆ ಎಳೆಯುತ್ತೀರಿ, ಎಲ್ಲೆಲ್ಲೋ ಕತ್ತರಿಸುತ್ತೀರಿ. ಪ್ರತಿ ಸಲವೂ ಲೆಕ್ಕ ಮೊದಲಿನಿಂದ.

ಈ ಲೆಕ್ಕಕ್ಕೆಂದೇ ಪ್ರೊಸೆಸರ್ ಒಳಗಿನ ಗ್ರಾಫಿಕ್ಸ್‌ನಲ್ಲಿ, ಗ್ರಾಫಿಕ್ಸ್ ಕಾರ್ಡಿನಲ್ಲಿ ಬೇರೆ ಸರ್ಕ್ಯೂಟ್ ಇರುತ್ತದೆ. ಇಂಟೆಲ್‌ನವರು ಅದಕ್ಕೆ ಕ್ವಿಕ್ ಸಿಂಕ್ ಅಂತ ಹೆಸರಿಟ್ಟಿದ್ದಾರೆ. ಆದರೆ ಆ ಸರ್ಕ್ಯೂಟ್ ತನಗೆ ಕಲಿಸಿದ್ದನ್ನು ಮಾತ್ರ ಬಿಡಿಸುತ್ತದೆ. ಮೊಬೈಲು, ಯೂಟ್ಯೂಬು, ಟಿವಿ ಎಲ್ಲ ಓಡುವುದು 4:2:0ರಲ್ಲಿ. ಅಂದರೆ ನಾಲ್ಕು ಪಿಕ್ಸೆಲ್‌ಗೆ ಒಂದು ಬಣ್ಣದ ಮಾಹಿತಿ. ನಿಮ್ಮ ಹೊಸ ಕ್ಯಾಮೆರಾ 4:2:2ರಲ್ಲಿ ಬರೆಯುತ್ತಿದೆ, ಎರಡು ಪಿಕ್ಸೆಲ್‌ಗೆ ಒಂದು. ಬಣ್ಣ ತಿದ್ದಲು ಇದು ಒಳ್ಳೆಯದು. ಆದರೆ ಇದನ್ನು ಬಿಡಿಸುವ ಸರ್ಕ್ಯೂಟ್ ಎಲ್ಲದರಲ್ಲೂ ಇಲ್ಲ. ನಿಮ್ಮ ಐ5-8400ರಲ್ಲಿ ಇಲ್ಲ. ಜಿಟಿಎಕ್ಸ್ 1650ರಲ್ಲಿ ಇಲ್ಲ.

ಈಗ ಅಣ್ಣನ ಮಗನ ಪಟ್ಟಿ ನೋಡೋಣ. ರೈಜನ್ 5 5600ರಲ್ಲಿ ಒಳಗಿನ ಗ್ರಾಫಿಕ್ಸೇ ಇಲ್ಲ. ಆರ್‌ಟಿಎಕ್ಸ್ 4060 ಒಳ್ಳೆಯ ಕಾರ್ಡ್, ಆದರೆ ಎನ್‌ವಿಡಿಯಾ 4:2:2 ಡಿಕೋಡ್ ಕೊಟ್ಟಿದ್ದು 50ರ ಸರಣಿಯಿಂದ. 2025ಕ್ಕೆ ಮೊದಲಿನ ಯಾವ ಆರ್‌ಟಿಎಕ್ಸ್ ಕಾರ್ಡೂ ಅದನ್ನು ಬಿಡಿಸುವುದಿಲ್ಲ. ಹಾಗಾಗಿ ಆ ಪಟ್ಟಿಯ ಪ್ರಕಾರ ಪೂರ್ತಿ ದುಡ್ಡು ಹಾಕಿ ಹೊಸ ಯಂತ್ರ ತಂದರೂ ನಿಮ್ಮ ಹೊಸ ಕ್ಯಾಮೆರಾದ ಕ್ಲಿಪ್ ಬಿಡಿಸುವ ಭಾರ ಸಿಪಿಯು ತಲೆ ಮೇಲೇ ಬೀಳುತ್ತದೆ. ಈಗಿನದಕ್ಕಿಂತ ವಾಸಿ ಇರುತ್ತದೆ ಅಷ್ಟೇ. ಹುಡುಗನ ತಪ್ಪಲ್ಲ. ಗೇಮಿಗೆ ಅದು ಒಳ್ಳೆಯ ಪಟ್ಟಿಯೇ.

ನಾನೂ ಇಂಥ ತಪ್ಪು ಮಾಡಿದ್ದೇನೆ. ಕೆಲವು ವರ್ಷದ ಹಿಂದೆ ತಿಪಟೂರಿನ ಒಂದು ಸ್ಟುಡಿಯೋಗೆ ಸಿಸ್ಟಂ ಜೋಡಿಸಿಕೊಟ್ಟೆ. ಐ5-12400ರ ಬದಲು 12400ಎಫ್ ಹಾಕಿದೆ. ಒಂದೆರಡು ಸಾವಿರ ಉಳಿಯಿತು, ಅವರಿಗೂ ಖುಷಿ. ಇಂಟೆಲ್ ಮಾಡೆಲ್ ನಂಬರಿನ ಕೊನೆಗೆ ‘ಎಫ್’ ಇದ್ದರೆ ಒಳಗಿನ ಗ್ರಾಫಿಕ್ಸ್ ಇಲ್ಲ ಅಂತ ಅರ್ಥ. ಗ್ರಾಫಿಕ್ಸ್ ಇಲ್ಲ ಅಂದರೆ ಕ್ವಿಕ್ ಸಿಂಕೂ ಇಲ್ಲ. ಆರು ತಿಂಗಳಾದ ಮೇಲೆ ಅವರು ಕ್ಯಾಮೆರಾ ಬದಲಿಸಿದರು. ಮರುವಾರ ಫೋನ್ ಬಂತು, ‘ಸರ್, ಪಕ್ಕದ ಅಂಗಡಿಯವರ ಹಳೆ ಸಿಸ್ಟಂನಲ್ಲಿ ಓಡುತ್ತೆ, ನೀವು ಕೊಟ್ಟಿದ್ದರಲ್ಲಿ ಓಡಲ್ಲ’ ಅಂತ. ಪಕ್ಕದವರದು ‘ಎಫ್’ ಇಲ್ಲದ 11ನೇ ಪೀಳಿಗೆಯ ಐ5. ಎಚ್.265ರ 4:2:2 ಬಿಡಿಸುವುದು ಇಂಟೆಲ್ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳಿಗೆ 11ನೇ ಪೀಳಿಗೆಯಿಂದ ಬಂತು. ನನ್ನ ಖರ್ಚಿನಲ್ಲೇ ಪ್ರೊಸೆಸರ್ ಬದಲಿಸಿಕೊಟ್ಟೆ. ಅಂದಿನಿಂದ ನಾನು ಮೊದಲು ಕೇಳುವ ಪ್ರಶ್ನೆ ಬಜೆಟ್ ಎಷ್ಟು ಅಂತಲ್ಲ, ಯಾವ ಕ್ಯಾಮೆರಾ, ಯಾವ ಮೋಡ್ ಅಂತ.

ಝಿಯಾನ್ ವಿಷಯ ಬೇಗ ಮುಗಿಸುತ್ತೇನೆ. ಬೇಡ. ‘ವರ್ಕ್‌ಸ್ಟೇಷನ್’ ಅನ್ನುವ ಹೆಸರಿಗೆ ಮರುಳಾಗಬೇಡಿ. ಇ5-2680 ವಿ4 2016ರ ಸರ್ವರ್ ಪ್ರೊಸೆಸರ್. ಡೇಟಾ ಸೆಂಟರಿನಿಂದ ಕಳಚಿದ ಚಿಪ್ಪುಗಳಿಗೆ ಹೊಸ ಚೀನೀ ಬೋರ್ಡ್ ಹಾಕಿ ಮಾರುತ್ತಾರೆ. 14 ಕೋರ್, 28 ಥ್ರೆಡ್ ನಿಜ. ಆದರೆ ಪ್ರೀಮಿಯರ್‌ನ ಎಷ್ಟೋ ಕೆಲಸ ಒಂದೊಂದು ಕೋರಿನ ವೇಗದ ಮೇಲೆ ನಿಂತಿದೆ. ಹತ್ತು ಜನ ನಿಧಾನದ ಆಳುಗಳಿದ್ದರೂ ಒಂದು ತೆಂಗಿನ ಮರ ಹತ್ತುವವನು ಒಬ್ಬನೇ ತಾನೆ? ಕ್ವಿಕ್ ಸಿಂಕ್ ಇದರಲ್ಲೂ ಇಲ್ಲ. ಜೊತೆಗೆ ಕೊಡುವ ಕ್ವಾಡ್ರೊ ಕೆ2200 2014ರ ಕಾರ್ಡ್. 4:2:2 ಬಿಡಿ, ಎಚ್.265 ಬಿಡಿಸುವ ಸರ್ಕ್ಯೂಟೇ ಅದರಲ್ಲಿಲ್ಲ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ಬೆಂಬಲ ನಿಲ್ಲಿಸಿದೆ. ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿ ಈ ಝಿಯಾನ್ ಇಲ್ಲ. ನಿಮ್ಮ ಹಳೆ ಐ5-8400 ಇದೆ! 3ಡಿ ರೆಂಡರಿಂಗ್ ಮಾತ್ರ ಮಾಡುವವರಿಗೆ, ಅದೂ ಕರೆಂಟ್ ಬಿಲ್ಲಿನ ಚಿಂತೆ ಇಲ್ಲದವರಿಗೆ, ಅಂಥ ಯಂತ್ರದಿಂದ ಸ್ವಲ್ಪ ಉಪಯೋಗ ಇರಬಹುದು.

ಎಡಿಟಿಂಗ್‌ಗೆ ಕ್ವಾಡ್ರೊ ಥರದ ಕಾರ್ಡೇ ಬೇಕು ಅನ್ನುವುದೂ ಹಳೇ ನಂಬಿಕೆ. ಇಂಜಿನಿಯರಿಂಗ್ ಡ್ರಾಯಿಂಗ್‌ನ ಕೆಲವು ಸಾಫ್ಟ್‌ವೇರ್‌ಗಳಿಗೆ ಅದರ ಅಗತ್ಯ ಇದೆ. ನಿಮಗೆ ಸಾಧಾರಣ ಆರ್‌ಟಿಎಕ್ಸ್ ಕಾರ್ಡ್ ಸಾಕು. ಡ್ರೈವರ್ ಹಾಕುವಾಗ ‘ಗೇಮ್ ರೆಡಿ’ ಬದಲು ‘ಸ್ಟುಡಿಯೋ’ ಆರಿಸಿಕೊಳ್ಳಿ. ಎರಡೂ ಪುಕ್ಕಟೆ.

ಮ್ಯಾಕ್ ಮಿನಿ ಹೇಳಿದವರು ಸುಮ್ಮನೆ ಹೇಳಿಲ್ಲ. 2024ರ ನವೆಂಬರ್‌ನಲ್ಲಿ ಬಂದ ಎಂ4 ಮ್ಯಾಕ್ ಮಿನಿ, 16 ಜಿಬಿ ರ‍್ಯಾಮ್, 256 ಜಿಬಿ ಜಾಗದ್ದು, ಭಾರತದಲ್ಲಿ 59,900 ರೂಪಾಯಿಗೆ ಶುರುವಾಯಿತು. ನಿಮ್ಮ ಎಚ್.265 4:2:2 ಅದಕ್ಕೆ ಲೀಲಾಜಾಲ. ಪೂರ್ತಿ ದುಡಿಯುವಾಗಲೂ 65 ವ್ಯಾಟ್ ದಾಟುವುದಿಲ್ಲ, ಅಂದರೆ ಕರೆಂಟ್ ಹೋದಾಗ ಯುಪಿಎಸ್ ಎಷ್ಟೋ ಹೊತ್ತು ಎಳೆಯುತ್ತದೆ. ನಿಮ್ಮ ಊರಿಗೆ ಇದು ಸಣ್ಣ ಮಾತಲ್ಲ. ತೊಂದರೆ ಏನೆಂದರೆ ತಗೊಳ್ಳುವಾಗ ಇದ್ದ ರ‍್ಯಾಮೇ ಕೊನೆಯವರೆಗೆ, ಆಮೇಲೆ ಸೇರಿಸಲು ಬರುವುದಿಲ್ಲ. 256 ಜಿಬಿ ನಿಮ್ಮ ಒಂದು ಮದುವೆಗೂ ಸಾಲುವುದಿಲ್ಲ, ಹೊರಗೆ ಎಸ್‌ಎಸ್‌ಡಿ ಕಟ್ಟಿಕೊಳ್ಳಬೇಕು. ಕೆಟ್ಟರೆ ಅಣ್ಣನ ಮಗ ಬಿಚ್ಚಿ ನೋಡುವ ಹಾಗಿಲ್ಲ. ನೀವು ಪೂರ್ತಿ ಹೊಸದಾಗಿ ಶುರು ಮಾಡುವವರಾಗಿದ್ದರೆ ನಾನೂ ಬಹುಶಃ ಅದನ್ನೇ ಹೇಳುತ್ತಿದ್ದೆ. ನಿಮ್ಮ ಹತ್ತಿರ ಆಗಲೇ ಒಂದು ಕೆಲಸದ ಯಂತ್ರ ಇದೆ. ಅದಕ್ಕೇ ನನ್ನ ಮಾತು ಬೇರೆ.

ಏನನ್ನೂ ಕೊಳ್ಳುವ ಮೊದಲು ಎರಡು ಕೆಲಸ ಮಾಡಿ.

ಮೊದಲನೆಯದು, ಕ್ಯಾಮೆರಾ ಮೆನುವಿನಲ್ಲಿ 4:2:2 10 ಬಿಟ್ ಬದಲು 4:2:0 10 ಬಿಟ್ ಆರಿಸಿ ಒಂದೈದು ನಿಮಿಷ ಅಂಗಳದಲ್ಲಿ ಶೂಟ್ ಮಾಡಿ. ಎಚ್.265ರ 4:2:0 10 ಬಿಟ್ ಅನ್ನು ನಿಮ್ಮ ಈಗಿನ ಯಂತ್ರವೇ ಬಿಡಿಸಬಲ್ಲದು. ಮದುವೆ ಮನೆಯ ಕೆಲಸಕ್ಕೆ ಇಷ್ಟು ಬಣ್ಣ ಬೇಕಾದಷ್ಟಾಯಿತು. 4:2:2 ನಿಜವಾಗಿ ಕೈ ಹಿಡಿಯುವುದು ಹಸಿರು ಪರದೆ ಹಾಕಿ ಹಿನ್ನೆಲೆ ಕತ್ತರಿಸುವಾಗ, ಇಲ್ಲವೇ ಬಣ್ಣವನ್ನು ತುಂಬಾ ಎಳೆದಾಡುವಾಗ. ಯಕ್ಷಗಾನದಲ್ಲಿ ವೇಷದ ಕೆಂಪು, ಕಿರೀಟದ ಹೊಳಪಿನ ಅಂಚು ರಂಗದ ದೀಪದಡಿ ಸ್ವಲ್ಪ ಕದಡುತ್ತದೆ, ಅಲ್ಲಿ ನಿಮಗೆ ವ್ಯತ್ಯಾಸ ಕಾಣಬಹುದು. ಹಾಗಾಗಿ ಆಟಕ್ಕೆ 4:2:2, ಮದುವೆಗೆ 4:2:0 ಅಂತ ಇಟ್ಟುಕೊಂಡರೂ ನಡೆಯುತ್ತದೆ. ಪ್ರೀಮಿಯರ್‌ನ ಪ್ರಿಫರೆನ್ಸ್‌ನಲ್ಲಿ ಮೀಡಿಯಾ ಪುಟದಲ್ಲಿ ಹಾರ್ಡ್‌ವೇರ್ ಡಿಕೋಡಿಂಗ್ ಆನ್ ಇದೆಯಾ ಅಂತಲೂ ನೋಡಿಕೊಳ್ಳಿ. ಕಾರ್ಡ್ ಹಾಕಿಸಿದಾಗ ಬೋರ್ಡಿನ ಶುರುವಿನ ಸೆಟ್ಟಿಂಗ್ ಪುಟವಾದ ಬಯಾಸ್‌ನಲ್ಲಿ ಇಂಟೆಲ್ ಗ್ರಾಫಿಕ್ಸ್ ಆಫ್ ಆಗಿಬಿಡುವುದು ಬಹಳ ಸಾಮಾನ್ಯ. ಟಾಸ್ಕ್ ಮ್ಯಾನೇಜರ್‌ನಲ್ಲಿ ಎರಡು ಜಿಪಿಯು ಕಾಣದೇ ಒಂದೇ ಕಂಡರೆ ಹಾಗೇ ಆಗಿದೆ ಅಂತ ಲೆಕ್ಕ.

ಎರಡನೆಯದು, ಪ್ರಾಕ್ಸಿ. ದೊಡ್ಡ ಫೈಲಿನ ಬದಲು ಅದರದೇ ಒಂದು ಹಗುರ ನಕಲನ್ನು ಇಟ್ಟುಕೊಂಡು ಎಡಿಟ್ ಮಾಡುವುದು. ಕೊನೆಗೆ ಎಕ್ಸ್‌ಪೋರ್ಟ್ ಮಾಡುವಾಗ ಸಾಫ್ಟ್‌ವೇರ್ ತಾನೇ ಮೂಲ ಫೈಲಿಗೆ ಹೋಗುತ್ತದೆ. ಪ್ರೀಮಿಯರ್, ರಿಸಾಲ್ವ್ ಎರಡರಲ್ಲೂ ಇದೆ. ಡಿಎನ್‌ಎಕ್ಸ್‌ಎಚ್‌ಆರ್ ಎಲ್‌ಬಿ ಅನ್ನುವ ಮಾದರಿ ಆರಿಸಿ. ಅದರಲ್ಲಿ ಪ್ರತಿ ಫ್ರೇಮೂ ಪೂರ್ತಿ ಚಿತ್ರ, ಉದ್ರಿ ಪುಸ್ತಕದ ಲೆಕ್ಕ ಇಲ್ಲ. ತೊಂದರೆ ಒಂದೇ, ಪ್ರಾಕ್ಸಿ ತಯಾರಾಗಲು ಹೊತ್ತು ಬೇಕು. ರಾತ್ರಿ ಹಚ್ಚಿಟ್ಟು ಮಲಗಬೇಕು, ಅಷ್ಟರಲ್ಲಿ ಕರೆಂಟ್ ಹೋಗಬಾರದು. ಮಳೆಗಾಲದಲ್ಲಿ ಇದು ಎಷ್ಟು ದೊಡ್ಡ ಷರತ್ತು ಅಂತ ನಿಮಗೆ ನಾನು ಹೇಳಬೇಕಾಗಿಲ್ಲ.

ಈ ಎರಡರಲ್ಲೇ ಈ ಸೀಸನ್ ದಾಟುತ್ತದೆ ಅಂತ ಅನ್ನಿಸಿದರೆ ದುಡ್ಡು ಹಾಗೇ ಇರಲಿ. ಇಲ್ಲ, ಖರ್ಚು ಮಾಡಲೇಬೇಕು ಅಂದರೆ ಮೂರೂ ಪಟ್ಟಿ ಪಕ್ಕಕ್ಕಿಡಿ. ನಿಮ್ಮ ಹಳೆ ಯಂತ್ರಕ್ಕೆ ಒಂದು ಆರ್‌ಟಿಎಕ್ಸ್ 5060 ಹಾಕಿಸಿ.

ಕಾರಣ ಹೇಳುತ್ತೇನೆ. ನಿಮ್ಮ ಕೆಲಸ ಕಟ್ಟಿಕೊಂಡಿರುವುದು ಫೈಲ್ ಬಿಡಿಸುವ ಜಾಗದಲ್ಲಿ. ಆ ಕೆಲಸವನ್ನು ಈ ಕಾರ್ಡ್ ವಹಿಸಿಕೊಳ್ಳುತ್ತದೆ. ಪ್ರೀಮಿಯರ್, ರಿಸಾಲ್ವ್ ಎರಡರ ಹೊಸ ಆವೃತ್ತಿಗಳೂ ಅದನ್ನು ಬಳಸುತ್ತವೆ. ಕೆಲವು ಕ್ಯಾಮೆರಾಗಳು ಎಚ್.264ರಲ್ಲೂ 4:2:2 ಬರೆಯುತ್ತವೆ. ಅದನ್ನೂ 50ರ ಸರಣಿ ಬಿಡಿಸುತ್ತದೆ. ಎಲ್ಲಕ್ಕಿಂತ ಮುಖ್ಯ, ಮುಂದೆಂದಾದರೂ ಪ್ರೊಸೆಸರ್ ಬದಲಿಸಿದಾಗ ಇದೇ ಕಾರ್ಡ್ ಹೊಸ ಯಂತ್ರಕ್ಕೆ ಹೋಗುತ್ತದೆ. ಹಾಕಿದ ದುಡ್ಡು ಮಣ್ಣುಪಾಲಾಗುವುದಿಲ್ಲ. 2025ರ ಕೊನೆಯಿಂದ ರ‍್ಯಾಮ್ ಬೆಲೆ ಹುಚ್ಚು ಕುದುರೆ ಹಾಗೆ ಓಡುತ್ತಿದೆ. ಎಐ ಡೇಟಾ ಸೆಂಟರುಗಳು ಮೆಮೊರಿ ಚಿಪ್ಪುಗಳನ್ನು ಬಾಚಿಕೊಳ್ಳುತ್ತಿವೆ. ಇಂಥ ಹೊತ್ತಿನಲ್ಲಿ ಹೊಸ ಬೋರ್ಡು, ಅದಕ್ಕೆ ಹೊಸ ಡಿಡಿಆರ್5 ರ‍್ಯಾಮು ಅಂತ ಹೊರಡುವುದು ಜಾಣತನ ಅಲ್ಲ.

ಇದರಲ್ಲಿ ಅಪಾಯಗಳೂ ಇವೆ, ಮುಚ್ಚಿಡುವುದಿಲ್ಲ. ಐ5-8400ರಲ್ಲಿ ಆರೇ ಕೋರ್, ಆರೇ ಥ್ರೆಡ್. ಅಲುಗಾಡಿದ ಶಾಟ್ ಸರಿ ಮಾಡುವ ವಾರ್ಪ್ ಸ್ಟೆಬಿಲೈಸರ್, ಆಫ್ಟರ್ ಎಫೆಕ್ಟ್ಸ್ ಟೈಟಲ್ಲು, ಇಂಥವು ಈಗಿನಷ್ಟೇ ನಿಧಾನ ಇರುತ್ತವೆ. 5060ರಲ್ಲಿ 8 ಜಿಬಿ ಮೆಮೊರಿ ಇದೆ. ನಿಮ್ಮ 1650ರ 4 ಜಿಬಿಯ ಎರಡರಷ್ಟು. ಪ್ರೀಮಿಯರ್‌ಗೆ ಸಾಕು, 4ಕೆಯಲ್ಲಿ ಸಾಧಾರಣ ಬಣ್ಣಕ್ಕೂ ಸಾಕು. ರಿಸಾಲ್ವ್‌ನಲ್ಲಿ ಚಿತ್ರದ ಕಾಳು ಕಾಳು ತೆಗೆಯುವ ನಾಯ್ಸ್ ರಿಡಕ್ಷನ್ ಪದರದ ಮೇಲೆ ಪದರ ಹಾಕತೊಡಗಿದರೆ ‘ಜಿಪಿಯು ಮೆಮೊರಿ ತುಂಬಿದೆ’ ಅನ್ನುವ ಸಂದೇಶ ಒಂದಲ್ಲ ಒಂದು ದಿನ ಬರುತ್ತದೆ. ಅಂಥ ಕೆಲಸವೇ ನಿಮ್ಮ ಮುಖ್ಯ ದಾರಿ ಆಗುವುದಾದರೆ 5060 ಟಿಐ 16 ಜಿಬಿಯದ್ದಕ್ಕೆ ಹೋಗಿ, ಉಳಿದದ್ದನ್ನು ಮುಂದೂಡಿ. ಇನ್ನೊಂದು ಮಾತು, ರಿಸಾಲ್ವ್‌ನ ಉಚಿತ ಆವೃತ್ತಿಯಲ್ಲಿ ನಾಯ್ಸ್ ರಿಡಕ್ಷನ್ ಇಲ್ಲ. ವಿಂಡೋಸ್‌ನಲ್ಲಿ 10 ಬಿಟ್ 4:2:2 ಫೈಲುಗಳೂ ಉಚಿತ ಆವೃತ್ತಿಯಲ್ಲಿ ಕಿರಿಕಿರಿ ಮಾಡುತ್ತವೆ. ಸ್ಟುಡಿಯೋ ಆವೃತ್ತಿ 295 ಡಾಲರ್, ಒಂದೇ ಸಲ ಕೊಡುವುದು. ಬರೀ ಕಲಿಯುವ ಹಂತದಲ್ಲಿ ಇದಕ್ಕೆ ದುಡ್ಡು ಹಾಕಬೇಡಿ.

ಹಳೆ ಬೋರ್ಡಿಗೆ ಹೊಸ ಕಾರ್ಡ್ ಹಾಕುವಾಗ ಒಮ್ಮೊಮ್ಮೆ ಪರದೆ ಕಪ್ಪಾಗಿಯೇ ಉಳಿಯುತ್ತದೆ. ಬೋರ್ಡಿನ ಬಯಾಸ್ ಅಪ್‌ಡೇಟ್ ಮಾಡಿ, ‘ಸಿಎಸ್‌ಎಂ’ ಅನ್ನುವ ಹಳೆ ಬೂಟ್ ವಿಧಾನದ ಸೆಟ್ಟಿಂಗನ್ನು ಆಫ್ ಮಾಡಿದರೆ ಬಹುತೇಕ ಸರಿಹೋಗುತ್ತದೆ. ಆಫ್ ಮಾಡುವ ಮುಂಚೆ ವಿಂಡೋಸ್ ಯುಇಎಫ್‌ಐ ಮೋಡ್‌ನಲ್ಲಿದೆಯಾ ಅಂತ ಅಣ್ಣನ ಮಗ ನೋಡಲಿ. ಹಳೆ ‘ಲೆಗಸಿ’ ಮೋಡ್‌ನಲ್ಲಿದ್ದರೆ ಕಂಪ್ಯೂಟರ್ ಬೂಟ್ ಆಗುವುದಿಲ್ಲ. ಅದಕ್ಕೇ ನನ್ನ ಸಲಹೆ, ಕಾರ್ಡ್ ತರಲು ಹುಬ್ಬಳ್ಳಿಗೆ ಹೋಗುವಾಗ ಕ್ಯಾಬಿನೆಟ್ಟನ್ನೂ ತಗೊಂಡು ಹೋಗಿ. ಅಂಗಡಿಯಲ್ಲೇ ಹಾಕಿಸಿ, ನಿಮ್ಮದೇ ಕ್ಲಿಪ್ ಓಡಿಸಿ ನೋಡಿ, ಆಮೇಲೆ ದುಡ್ಡು ಕೊಡಿ. ಬಸ್ಸಿನಲ್ಲಿ ಒಯ್ಯುವುದಾದರೆ ವಾಪಸ್ ಬರುವಾಗ ಕಾರ್ಡ್ ಬಿಚ್ಚಿ ಅದರ ಡಬ್ಬಿಯಲ್ಲೇ ಇಡಿ. ನಮ್ಮ ರಸ್ತೆಗಳಲ್ಲಿ ಕಾರ್ಡಿನ ಭಾರಕ್ಕೆ ಸ್ಲಾಟ್ ಮುರಿದಿದ್ದನ್ನು ನೋಡಿದ್ದೇನೆ.

ಈಗ ಯಾರೂ ಕೇಳದ ಪಾರ್ಟ್, ಎಲ್ಲ ಭಾಗಗಳಿಗೂ ಕರೆಂಟ್ ಕೊಡುವ ಡಬ್ಬಿ. ಎಸ್‌ಎಂಪಿಎಸ್.

ಜಿಟಿಎಕ್ಸ್ 1650ರ ಕೆಲಸ 75 ವ್ಯಾಟ್‌ನಲ್ಲಿ ಮುಗಿಯುತ್ತಿತ್ತು. 5060ಕ್ಕೆ 145 ವ್ಯಾಟ್ ಬೇಕು, ಬೇರೆ ಪವರ್ ಕೇಬಲ್ಲೂ ಬೇಕು. ನಿಮ್ಮ ಹಳೆ ಎಸ್‌ಎಂಪಿಎಸ್ ಕ್ಯಾಬಿನೆಟ್ ಜೊತೆ ಬಂದದ್ದಾಗಿದ್ದರೆ ಅದನ್ನು ಬದಲಿಸಲೇಬೇಕು. ಇವತ್ತು ರಾತ್ರಿ ಪಕ್ಕದ ಬಾಗಿಲು ತೆಗೆದು ಅದರ ಮೇಲಿನ ಸ್ಟಿಕ್ಕರ್ ಓದಿ. ದೊಡ್ಡ ಅಕ್ಷರದಲ್ಲಿ 450 ವ್ಯಾಟ್, 500 ವ್ಯಾಟ್ ಅಂತ ಇರುತ್ತದೆ. ಅದನ್ನು ಬಿಡಿ. ಕೆಳಗೆ ಸಣ್ಣ ಪಟ್ಟಿಯಲ್ಲಿ ‘12 ವೋಲ್ಟ್’ ಅನ್ನುವ ಕಡೆ ಎಷ್ಟು ಆಂಪಿಯರ್ ಬರೆದಿದೆ ನೋಡಿ. 18 ಅಂತ ಇದ್ದರೆ 12 ಇಂಟು 18, ಅಂದರೆ 216 ವ್ಯಾಟ್. ಪ್ರೊಸೆಸರು, ಕಾರ್ಡು ಎರಡೂ ಉಣ್ಣುವುದು ಈ ತಟ್ಟೆಯಿಂದಲೇ. ಮೇಲಿನ 500 ಬರೀ ಹೆಸರಿಗೆ. ಒಳ್ಳೆಯ 550 ಅಥವಾ 650 ವ್ಯಾಟಿನ ಎಸ್‌ಎಂಪಿಎಸ್‌ನಲ್ಲಿ 12 ವೋಲ್ಟಿನ ಲೆಕ್ಕವೇ ಹೆಚ್ಚುಕಡಿಮೆ ಅಷ್ಟಕ್ಕೆ ಬರುತ್ತದೆ. ಕೈಯಲ್ಲಿ ಹಿಡಿದರೂ ಗೊತ್ತಾಗುತ್ತದೆ. ಒಂದು ಇಟ್ಟಿಗೆ ಹಾಗೆ ಭಾರ, ಇನ್ನೊಂದು ಖಾಲಿ ಡಬ್ಬಿ. 80 ಪ್ಲಸ್ ಬ್ರಾಂಜ್ ಗುರುತು ಇರುವುದು, ಐದು ವರ್ಷ ವಾರಂಟಿ ಕೊಡುವುದು ತಗೊಳ್ಳಿ. ಇಲ್ಲಿ ಎರಡು ಸಾವಿರ ಉಳಿಸಲು ಹೋಗಿ ಬೋರ್ಡು, ಕಾರ್ಡು, ಡಿಸ್ಕು ಮೂರನ್ನೂ ಒಟ್ಟಿಗೆ ಕಳಕೊಂಡವರು ವರ್ಷಕ್ಕೆ ಒಬ್ಬರಾದರೂ ನನ್ನ ಬೆಂಚಿಗೆ ಬರುತ್ತಾರೆ.

ಇದರ ಜೊತೆಗೇ ಯುಪಿಎಸ್. 600 ವಿಎ ಅಂತ ಬರೆದದ್ದು ನಿಜವಾಗಿ ಕೊಡುವುದು ಸುಮಾರು 360 ವ್ಯಾಟ್, ಅದೂ ಕೆಲವೇ ನಿಮಿಷ. ನಿಮಗೆ 1000 ವಿಎ ಬೇಕು. ಮನೆಯ ಇನ್ವರ್ಟರ್ ಮೇಲೆ ಕಂಪ್ಯೂಟರ್ ಓಡಿಸುತ್ತಿದ್ದರೆ ಅದರ ಹಿಂದೆ ‘ಯುಪಿಎಸ್ ಮೋಡ್’ ಸ್ವಿಚ್ ಇದೆಯಾ ನೋಡಿ. ಅದು ಆನ್ ಇಲ್ಲದಿದ್ದರೆ ಫ್ಯಾನ್, ಲೈಟ್ ಉಳಿಯುತ್ತವೆ, ಕಂಪ್ಯೂಟರ್ ಮಾತ್ರ ರೀಸ್ಟಾರ್ಟ್ ಆಗುತ್ತದೆ. ಕ್ಯಾಬಿನೆಟ್ ಮುಟ್ಟಿದಾಗ ಜುಮ್ ಅನ್ನುತ್ತಿದ್ದರೆ ಅರ್ಥಿಂಗ್ ಸರಿ ಇಲ್ಲ. ಯಾವ ಪಾರ್ಟ್ ಕೊಳ್ಳುವ ಮೊದಲೂ ಎಲೆಕ್ಟ್ರಿಷಿಯನ್ನನ್ನು ಕರೆಸಿ. ಗುಡುಗು ಶುರುವಾದರೆ ಪ್ಲಗ್ ಕೀಳುವುದು ಎಲ್ಲರಿಗೂ ಗೊತ್ತು, ಇಂಟರ್‌ನೆಟ್ ಕೇಬಲ್ ಕೀಳುವುದನ್ನು ಮರೆಯುತ್ತಾರೆ. ಸಿಡಿಲು ಆ ದಾರಿಯಲ್ಲೂ ಬರುತ್ತದೆ.

ಜಾಗದ ಲೆಕ್ಕ ಹಾಕೋಣ, ಇದು ನಿಮ್ಮಲ್ಲಿ ದೊಡ್ಡದು. 100 ಎಂ ಅಂದರೆ ಸೆಕೆಂಡಿಗೆ 100 ಮೆಗಾಬಿಟ್, ಗಂಟೆಗೆ 45 ಜಿಬಿ. 200 ಎಂ ಅಂದರೆ 90 ಜಿಬಿ. ಎರಡೂ ಕ್ಯಾಮೆರಾ ಸೇರಿ ಗಂಟೆಗೆ 135 ಜಿಬಿ. ಯಕ್ಷಗಾನದ ನಾಲ್ಕು ಗಂಟೆಯ ಕಾಲಮಿತಿ ಪ್ರಯೋಗಕ್ಕೆ 540 ಜಿಬಿ. ಬೆಳಗಿನವರೆಗಿನ ಎಂಟು ಗಂಟೆಯ ಆಟವಾದರೆ 1 ಟಿಬಿ ದಾಟುತ್ತದೆ! ಪಟ್ಟಿಯಲ್ಲಿರುವ 1 ಟಿಬಿ ಎಸ್‌ಎಸ್‌ಡಿ ಒಂದೇ ರಾತ್ರಿಗೆ ತುಂಬಿತು. ಹಾಗಾಗಿ ಕೆಲಸಕ್ಕೆ 2 ಟಿಬಿ ಎಸ್‌ಎಸ್‌ಡಿ, ಮುಗಿದದ್ದನ್ನು ಇಡಲು ದೊಡ್ಡ ಹಾರ್ಡ್ ಡಿಸ್ಕ್.

ವೇಗದ ಹುಚ್ಚು ಮಾತ್ರ ಬೇಡ. ಎರಡೂ ಕ್ಯಾಮೆರಾ ಒಟ್ಟಿಗೆ ಓಡಲು ಸೆಕೆಂಡಿಗೆ 37.5 ಎಂಬಿ ಸಾಕು. ಸಾಧಾರಣ ಸಾಟಾ ಎಸ್‌ಎಸ್‌ಡಿಯೇ 500 ಕೊಡುತ್ತದೆ. ಜೆನ್ 5, ಸೆಕೆಂಡಿಗೆ 10 ಸಾವಿರ ಎಂಬಿ ಅಂತ ಬರೆದದ್ದಕ್ಕೆ ದುಡ್ಡು ಹಾಕಿದರೆ ಅದು ನಿಮ್ಮ ಕೆಲಸದಲ್ಲಿ ಎಲ್ಲೂ ಕಾಣುವುದಿಲ್ಲ. ನೋಡಬೇಕಾದದ್ದು ಬೇರೆ, ಒಳಗಿನ ಮೆಮೊರಿ ಚಿಪ್ಪಿನ ಬಗೆ, ಅದು ಟಿಎಲ್‌ಸಿಯಾ ಕ್ಯೂಎಲ್‌ಸಿಯಾ ಅನ್ನುವುದು. ಅಗ್ಗದ ಕ್ಯೂಎಲ್‌ಸಿ ಡ್ರೈವ್‌ಗೆ 540 ಜಿಬಿ ಒಟ್ಟಿಗೆ ಸುರಿದರೆ ಮೊದಮೊದಲು ಓಡುತ್ತದೆ, ಆಮೇಲೆ ಹಾರ್ಡ್ ಡಿಸ್ಕಿಗಿಂತ ಕಡೆಯಾಗಿ ತೆವಳುತ್ತದೆ. ಟಿಎಲ್‌ಸಿ ಕೇಳಿ ತಗೊಳ್ಳಿ. ಮದುವೆ ಇನ್ನೊಮ್ಮೆ ಆಗುವುದಿಲ್ಲ, ಹಾಗಾಗಿ ಎರಡು ಕಡೆ ಪ್ರತಿ ಇರಲಿ. ಮೂರನೆಯದೊಂದು ಮನೆಯ ಹೊರಗೆ, ತವರಿನಲ್ಲೋ ನೆಂಟರಲ್ಲೋ ಇದ್ದರೆ ಇನ್ನೂ ಒಳ್ಳೆಯದು. ಕ್ಯಾಮೆರಾದ ಮೆಮೊರಿ ಕಾರ್ಡ್ ಫಾರ್ಮ್ಯಾಟ್ ಮಾಡುವುದು ಇದೆಲ್ಲ ಆದ ಮೇಲೆ.

ರ‍್ಯಾಮ್ 32 ಜಿಬಿಗೆ ಏರಿಸಿ. ನಿಮ್ಮ ಬೋರ್ಡಿನಲ್ಲಿ ನಾಲ್ಕು ಸ್ಲಾಟ್ ಇದ್ದರೆ ಇನ್ನೆರಡು 8 ಜಿಬಿ ಡಿಡಿಆರ್4 ಸಾಕು. ಸೆಕೆಂಡ್ ಹ್ಯಾಂಡ್‌ನಲ್ಲಿ ನಾನು ಹೆದರದೆ ತಗೊಳ್ಳುವ ಒಂದೇ ಪಾರ್ಟ್ ಅಂದರೆ ರ‍್ಯಾಮ್. ಒಂದು ರಾತ್ರಿ ಮೆಮ್‌ಟೆಸ್ಟ್ ಓಡಿಸಿ, ತಪ್ಪು ಬರದಿದ್ದರೆ ಮುಗಿಯಿತು. ಹಳೆ ಗ್ರಾಫಿಕ್ಸ್ ಕಾರ್ಡ್ ವಿಷಯದಲ್ಲಿ ಅಷ್ಟು ಧೈರ್ಯ ನನಗಿಲ್ಲ. ವರ್ಷಗಟ್ಟಲೆ ಹಗಲೂ ರಾತ್ರಿ ಕ್ರಿಪ್ಟೊ ಮೈನಿಂಗ್‌ನಲ್ಲಿ ಬೆಂದ ಕಾರ್ಡುಗಳು ಇನ್ನೂ ಮಾರುಕಟ್ಟೆಯಲ್ಲಿ ತಿರುಗುತ್ತಿವೆ. ಇಂಟೆಲ್‌ನ 13, 14ನೇ ಪೀಳಿಗೆಯ ಐ7, ಐ9 ‘ಕೆ’ ಪ್ರೊಸೆಸರುಗಳನ್ನೂ ಹಳೆಯದಾಗಿ ತಗೊಳ್ಳಬೇಡಿ. ಹೆಚ್ಚು ವೋಲ್ಟೇಜಿನಿಂದ ಅವು ಕೆಡುತ್ತಿದ್ದವು. 2024ರಲ್ಲಿ ಇಂಟೆಲ್ ಅದಕ್ಕೆ ಬಯಾಸ್ ಮೂಲಕ ಪರಿಹಾರ ಕೊಟ್ಟಿತು, ವಾರಂಟಿಯನ್ನೂ ಎರಡು ವರ್ಷ ಹೆಚ್ಚಿಸಿತು. ಆದರೆ ಅಷ್ಟರಲ್ಲೇ ಕೆಟ್ಟದ್ದು ಮತ್ತೆ ಸರಿ ಆಗುವುದಿಲ್ಲ.

ಮಾನಿಟರ್ ಬಗ್ಗೆ ನೀವು ಕೇಳಿಲ್ಲ. ಬಣ್ಣ ತಿದ್ದಲು ಕಲಿಯುತ್ತಿದ್ದೀರಿ ಅಂದಿದ್ದಕ್ಕೆ ಹೇಳುತ್ತೇನೆ, ಪರದೆ ಎಷ್ಟು ಬಣ್ಣ ತೋರಿಸುತ್ತದೆ ಅನ್ನುವ ಲೆಕ್ಕ ಡಬ್ಬಿಯ ಮೇಲೆ ಇರುತ್ತದೆ. ಅಲ್ಲಿ ‘45% ಎನ್‌ಟಿಎಸ್‌ಸಿ’ ಅಂತ ಇರುವ ಪರದೆಯಲ್ಲಿ ಕೆಂಪು ಯಾವತ್ತೂ ಕೆಂಪಾಗಿ ಕಾಣುವುದಿಲ್ಲ. ನೀವು ಅದನ್ನು ಏರಿಸುತ್ತಾ ಹೋಗುತ್ತೀರಿ, ಗಿರಾಕಿ ತನ್ನ ಮೊಬೈಲಿನಲ್ಲಿ ನೋಡಿದಾಗ ಮದುಮಗಳ ಸೀರೆ ಉರಿಯುತ್ತಿರುತ್ತದೆ. 99% ಎಸ್‌ಆರ್‌ಜಿಬಿ ಇರುವ ಐಪಿಎಸ್ ಪರದೆ ಮುಂದಿನ ಖರ್ಚಾಗಲಿ.

ಮುಂದೆ ಪ್ರೊಸೆಸರ್ ಬದಲಿಸುವಾಗ ಐ5-12500, 13500, 14500 ಈ ಮೂರರಲ್ಲಿ ಸಿಕ್ಕಿದ್ದು ಒಳ್ಳೆಯದು. 12400, 13400, 14400ರ ಒಳಗಿನ ಗ್ರಾಫಿಕ್ಸ್‌ನಲ್ಲಿ ಫೈಲ್ ಬಿಡಿಸುವ ಎಂಜಿನ್ ಒಂದೇ. 12500, 13500, 14500ರಲ್ಲಿ ಎರಡು. ಎರಡು ಮೂರು ಕ್ಯಾಮೆರಾ ಒಟ್ಟಿಗೆ ಓಡಿಸುವವರಿಗೆ ಇದು ಗೊತ್ತಾಗುತ್ತದೆ. ಜೊತೆಗೆ ಬಿ760 ಬೋರ್ಡ್, ಆದರೆ ಡಿಡಿಆರ್4 ಸ್ಲಾಟ್ ಇರುವುದು. ಒಂದೇ ಹೆಸರಿನ ಬೋರ್ಡು ಡಿಡಿಆರ್4, ಡಿಡಿಆರ್5 ಎರಡರಲ್ಲೂ ಬರುತ್ತದೆ. ಕೊನೆಗೆ ಸಣ್ಣದಾಗಿ ‘ಡಿ4’ ಅಂತ ಇರುತ್ತದೆ. ಅದನ್ನು ನೋಡದೆ ತಂದರೆ ನಿಮ್ಮ ರ‍್ಯಾಮ್ ಕೂರುವುದಿಲ್ಲ. ನಾಲ್ಕು ಸ್ಲಾಟ್ ಇದೆಯಾ ಅಂತಲೂ ನೋಡಿ. ಅಣ್ಣನ ಮಗನ ರೈಜನ್ನೂ ಆಗಬಹುದು, ಆಗ 4:2:2 ಕೆಲಸ ಕಾರ್ಡೇ ಮಾಡುತ್ತಿರುತ್ತದೆ. ಅದಕ್ಕೂ ಡಿಡಿಆರ್4 ರ‍್ಯಾಮೇ. ಬೆಲೆ ನೋಡಿ ಆರಿಸಿ. ಪ್ರೊಸೆಸರ್ ಡಬ್ಬಿ ಸಮೇತ ಇರಲಿ, ಬಿಡಿ ಚಿಪ್ಪು ಬೇಡ. ಬಿಲ್ಲು ಜಿಎಸ್‌ಟಿ ಇರುವುದೇ ಆಗಲಿ. 18% ಉಳಿಸುತ್ತೇವೆ ಅಂತ ಚೀಟಿ ಬಿಲ್ಲು ತಗೊಂಡರೆ ವಾರಂಟಿ ಕೇಳಲು ಮುಖ ಇರುವುದಿಲ್ಲ.

ಕಾರ್ಡು, ಎಸ್‌ಎಂಪಿಎಸ್, ಯುಪಿಎಸ್, ಎಸ್‌ಎಸ್‌ಡಿ, ರ‍್ಯಾಮ್ ಇಷ್ಟು 90 ಸಾವಿರದೊಳಗೆ ನಿಲ್ಲಬೇಕು. ಕೈ ಬಿಗಿಯಾದರೆ ದೊಡ್ಡ ಹಾರ್ಡ್ ಡಿಸ್ಕನ್ನು ಒಂದೆರಡು ತಿಂಗಳು ತಡೆದು ತಗೊಳ್ಳಿ.

ಕ್ಯಾಬಿನೆಟ್ ಹಳೆಯದೇ ಇರಲಿ. 5060 ಉದ್ದಕ್ಕೆ ಕೂರುತ್ತದೆಯಾ ಅಂತ ಹೋಗುವ ಮುಂಚೆ ಟೇಪ್ ಹಿಡಿದು ಅಳೆದುಕೊಳ್ಳಿ. ಗಾಜಿನ ಡಬ್ಬಿ ಬೇಕಿದ್ದರೆ ಅಣ್ಣನ ಮಗ ತನ್ನ ದುಡ್ಡಲ್ಲಿ ತಗೊಳ್ಳಲಿ. ಆದರೆ ಜೋಡಿಸುವಾಗ ಅವನನ್ನೇ ಕರೆಯಿರಿ, ಹುಡುಗರ ಕೈ ಈ ಕೆಲಸಕ್ಕೆ ಚುರುಕು. ಬಯಾಸ್‌ನಲ್ಲಿ ಇಂಟೆಲ್ ಗ್ರಾಫಿಕ್ಸ್ ಆನ್ ಮಾಡಿದನಾ ಅಂತ ಮಾತ್ರ ನೀವೇ ಒಮ್ಮೆ ನೋಡಿ.